ಗೆರೆಯ ಮೇಲೆ ಗೆರೆ

ನಿವೃತ್ತನಾದ ಮೇಲೆ ಜನ ಕೇಳುವ ಮೊದಲ ಪ್ರಶ್ನೆ, "ಯಾವ ಕಂಪನಿಯಲ್ಲಿದ್ರಿ ಅಂಕಲ್?" ಎಂಬುದು. ಸ್ಯಾನ್ ಹೊಸೆಯಲ್ಲಿ ಇಷ್ಟು ವರ್ಷ ಬಾಳಿದವನು ಕಂಪ್ಯೂಟರಿನವನೇ ಆಗಿರಬೇಕು ಎಂದು ಎಲ್ಲರಿಗೂ ಗಟ್ಟಿ ನಂಬಿಕೆ. ಬಂದೂಕಿನ ಅಂಗಡಿಯಲ್ಲಿ ತೋಟಾ ತುಂಬುತ್ತಿದ್ದೆ ಎಂದರೆ ಬಾಯಿಗೆ ಹೊರಟ ಕಾಫಿ ಕಪ್ಪು ಅರ್ಧದಲ್ಲೇ ನಿಲ್ಲುತ್ತದೆ. ಕೆಲವರು ತಮಾಷೆ ಎಂದುಕೊಂಡು ನಗುತ್ತಾರೆ. ಕೆಲವರು ಪಕ್ಕದಲ್ಲಿ ಆಡುತ್ತಿರುವ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅದರ ಮೇಲೆ ಲಿಂಗಾಯತರ ಮನೆಯವನು ಎಂದು ತಿಳಿದರಂತೂ ಮಾತು ಹವಾಮಾನದ ಕಡೆಗೆ ತಿರುಗಿಬಿಡುತ್ತದೆ.

ಮೊನ್ನೆ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಫೋನು ಮಾಡಿದಳು. ಮೆಕ್ಯಾನಿಕಲ್ ಓದಿ, ತೋಟಾಗಳನ್ನು ಪರೀಕ್ಷೆ ಮಾಡುವ ಕಂಪನಿಯೊಂದಕ್ಕೆ ಸೇರಿದ್ದಾಳಂತೆ. "ಈಗ ಎಲ್ಲಾ ಮೆಷಿನ್ನೇ ಮಾಡುತ್ತೆ ಅಂಕಲ್, ನಾವು ಬಟನ್ ಒತ್ತೋದು ಅಷ್ಟೇ. ಇದರಲ್ಲಿ ಕಲಿಯೋದು ಏನಿದೆ?" ಎಂದಳು. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ ಎಂದು ಬರೆಯಲು ಕೂತೆ. ಆ ಬಂದೂಕಿನ ಅಂಗಡಿ ಮುಚ್ಚಿದ ಮೇಲೆ ಬೇರೊಂದು ಕಾರ್ಖಾನೆಯಲ್ಲಿ ಇದಕ್ಕಿಂತ ಹೆಚ್ಚು ವರ್ಷ ದುಡಿದೆ, ಸೂಪರ್‌ವೈಸರೂ ಆದೆ. ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ತೋಟಾ ಎಂದರೆ ನಾಲ್ಕೇ ಸಾಮಾನು. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕಾರ್ಖಾನೆಯಲ್ಲಿ ತಯಾರಾದದ್ದು ಪೆಟ್ಟಿಗೆಗಟ್ಟಲೆ ಸಿಗುತ್ತದೆ, ಆದರೆ ಅದು ರೆಡಿಮೇಡ್ ಅಂಗಿ ಇದ್ದ ಹಾಗೆ. ಒಂದೊಂದು ರೈಫಲ್ಲಿನ ನಳಿಗೆಗೂ ಅದರದ್ದೇ ಹಟ. ಅಕ್ಕಪಕ್ಕದಲ್ಲಿ ತಯಾರಾದ ಎರಡು ರೈಫಲ್ಲುಗಳಿಗೆ ಒಂದೇ ತೋಟಾ ಹಿಡಿಸುವುದಿಲ್ಲ. ಮದ್ದು ಒಂದು ಸಾಸಿವೆ ಕಾಳಿನಷ್ಟು ಹೆಚ್ಚಾದರೆ ಒಂದು ಮುನಿಸಿಕೊಳ್ಳುತ್ತದೆ, ಕಡಿಮೆಯಾದರೆ ಇನ್ನೊಂದು. ಕಾಗದಕ್ಕೆ ಐದು ಸಲ ಹೊಡೆದರೆ ಐದೂ ತೂತು ಒಂದನ್ನೊಂದು ಮುಟ್ಟಿಕೊಂಡಿರಬೇಕು. ಆ ನಳಿಗೆಗೆ ಬೇಕಾದದ್ದನ್ನು ಹುಡುಕಿ, ಕೈಯಿಂದ ಒಂದೊಂದೇ ತುಂಬಿ ಕೊಡುವುದು ನಮ್ಮ ಕೆಲಸ.

ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಲೇತು ಓಡಿಸುತ್ತಿದ್ದವನು. ಹೆಂಡತಿ ನೀಲಾಳ ಅಣ್ಣ ಸ್ಪಾನ್ಸರ್ ಮಾಡಿ ಇಬ್ಬರನ್ನೂ ಇಲ್ಲಿಗೆ ಕರೆಸಿಕೊಂಡರು. ಆಗ ಇಲ್ಲಿ ಡಾಟ್‌ಕಾಂ ಎಂಬ ಜ್ವರ. ಫ್ರೀವೇ ಪಕ್ಕದ ಬೋರ್ಡುಗಳಲ್ಲೆಲ್ಲ ಅದೇ ಹೆಸರು, ಪಾರ್ಟಿಗೆ ಹೋದರೂ ಅದೇ ಮಾತು. ನಾನೂ ಕಂಪ್ಯೂಟರ್ ಕೋರ್ಸಿಗೆ ಸೇರಬೇಕೆಂದು ಭಾವನವರು ಹಟ ಹಿಡಿದರು. ಸೇರಿದೆ, ಸ್ಕ್ರೀನು ನೋಡುತ್ತಾ ಕೂತರೆ ಕೈ ಸುಮ್ಮನಿರುತ್ತಿರಲಿಲ್ಲ, ಬಿಟ್ಟೆ. ಊರಿನ ದಕ್ಷಿಣದ ತುದಿಯಲ್ಲಿ ಟೈರ್ ಅಂಗಡಿಗೂ ಡೋನಟ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಬಂದೂಕಿನ ಅಂಗಡಿಯ ಕಿಟಕಿಯಲ್ಲಿ, ಲೇತು ಬಲ್ಲವರು ಬೇಕು ಎಂದು ಬರೆದ ರಟ್ಟು ಕಂಡಿತು.

ಮಾಲೀಕರು ವಾಲ್ಟ್. ಆಗಲೇ ಎಪ್ಪತ್ತರ ಹತ್ತಿರ, ಹೆಂಡತಿ ತೀರಿಕೊಂಡಿದ್ದರು, ಲಾರಾ ಎಂಬ ಒಬ್ಬಳೇ ಮಗಳು. ಒಂದು ಮುರಿದ ಸ್ಕ್ರೂ ಕೈಗೆ ಕೊಟ್ಟು ಇಂಥದ್ದೇ ಇನ್ನೊಂದು ಮಾಡು ಎಂದರು. ಮಾಡಿಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು, ಚೆನ್ನಾಗಿದೆ ಎಂದೂ ಹೇಳಲಿಲ್ಲ, ಕೆಟ್ಟದ್ದು ಎಂದೂ ಹೇಳಲಿಲ್ಲ. "ನಾಳೆ ಎಂಟಕ್ಕೆ ಬಾ" ಎಂದರು. ಹೊಗಳಿಕೆಯ ವಿಷಯದಲ್ಲಿ ಆ ಮನುಷ್ಯ ಕಡೆಯವರೆಗೂ ಕಡು ಜಿಪುಣ.

ಮನೆಯಲ್ಲಿ ಸುದ್ದಿ ಹೇಳಿದಾಗ ನೀಲಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

"ಏನ್ರೀ ಇದು, ಎಂಥಾ ಕೆಲಸ ಹಿಡ್ಕೊಂಡು ಬಂದೀರಿ? ಜೀವಾ ತೆಗಿಯೋ ಸಾಮಾನು ಮಾಡಿದ ಕೈಲೆ ಲಿಂಗಾ ಹಿಡೀತೀರೇನು?"

"ನಾ ಯಾರ ಜೀವಾನೂ ತೆಗಿಯೂದಿಲ್ಲ ನೀಲಾ. ಅಳತಿ ಮಾಡಿ ತುಂಬಿ ಕೊಡೋದು, ಅಷ್ಟ."

"ತುಂಬಿ ಕೊಟ್ಟಿದ್ದನ್ನ ಅವರೇನು ಪೂಜಾ ಮಾಡ್ತಾರೇನ್ರಿ?"

ಕೊನೆಗೆ ಅವಳೇ ಕಾನೂನು ಮಾಡಿದಳು. ಅಂಗಡಿಯ ಬಟ್ಟೆ ಗರಾಜಿನಲ್ಲೇ ಕಳಚಬೇಕು, ಕೈ ಮೊಳಕೈವರೆಗೆ ತೊಳೆಯಬೇಕು, ನೇರ ಸ್ನಾನಕ್ಕೆ ಹೋಗಬೇಕು, ಆಮೇಲೆ ಲಿಂಗಪೂಜೆ, ಆಮೇಲೆ ಊಟ. ಅಂಗಡಿಯ ಒಂದು ಸೂಜಿ ಕೂಡ ಹೊಸ್ತಿಲು ದಾಟಬಾರದು. ನಾಚಿಕೆಯಿಂದಲೇ ಇದನ್ನು ವಾಲ್ಟ್‌ಗೆ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು. "ನಿನ್ನ ಹೆಂಡತಿಗೆ ಸೀಸದ ವಿಷಯ ಯಾರು ಹೇಳಿದರು? ಗುಂಡಿನ ಸೀಸ, ಪ್ರೈಮರಿನ ಧೂಳು ಎಲ್ಲ ಬಟ್ಟೆಯ ಮೇಲೆ ಕೂತಿರುತ್ತದೆ, ಹೊಟ್ಟೆಗೆ ಹೋದರೆ ವಿಷ. ನಲವತ್ತು ವರ್ಷದಿಂದ ನಾನು ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ." ಅಂದಿನಿಂದ ಅಂಗಡಿಯಲ್ಲಿ ಊಟಕ್ಕೆ ಮುಂಚೆ ಯಾರಾದರೂ ಕೈ ತೊಳೆಯದಿದ್ದರೆ, ನೀಲಾಗೆ ಹೇಳುತ್ತೇನೆ ಎಂದು ಹೆದರಿಸುತ್ತಿದ್ದರು. ಅವಳನ್ನು ಅವರು ಆಗಿನ್ನೂ ನೋಡಿಯೇ ಇರಲಿಲ್ಲ. ಆದರೆ ಅವಳು ಕಟ್ಟಿಕೊಡುವ ಡಬ್ಬಿಯಲ್ಲಿ ಎರಡು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ಯಾವಾಗಲೂ ಹೆಚ್ಚಿಗೆ ಇರುತ್ತಿತ್ತು. ಅವು ವಾಲ್ಟ್ ಪಾಲಿಗೆ ಹೋಗುತ್ತಿದ್ದವು.

ವಾಲ್ಟ್ ಕಲಿಸಿದ್ದು ಎರಡೇ ಪಾಠ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಮದ್ದನ್ನೂ ಗುಂಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ. ಇನ್ನೊಂದು, ನಿನ್ನ ಕಣ್ಣೆದುರು ತುಂಬದ ತೋಟಾವನ್ನು ಎಂದೂ ಹಾರಿಸಬೇಡ. ಗಿರಾಕಿ ನಮ್ಮನ್ನು ನಂಬಿ ಹಾರಿಸಬಹುದು, ತುಂಬುವವನು ಯಾರನ್ನೂ ನಂಬುವಂತಿಲ್ಲ. ತುಂಬಿದವನು ಸಾಕ್ಷಾತ್ ನಿನ್ನ ಅಪ್ಪನೇ ಆಗಿರಲಿ, ಒಳಗೆ ಏನಿದೆ ಎಂದು ನೀನು ನೋಡಿಲ್ಲ. ಲೆಕ್ಕ ತಪ್ಪಿದ್ದರೆ ಕೋವಿ ನಿನ್ನ ಮುಖದ ಮೇಲೇ ಸಿಡಿಯುತ್ತದೆ.

ಮೌಂಟನ್ ವ್ಯೂ ಕಡೆಯ ಡಾಟ್‌ಕಾಂ ಕಂಪನಿಗಳಿಂದ ಹೊಸ ಶ್ರೀಮಂತ ಹುಡುಗರು ಬರುತ್ತಿದ್ದ ಕಾಲ ಅದು. ಒಬ್ಬ ಬಹಳ ಬೆಲೆಯ ರೈಫಲ್ಲು ತಂದು, ಶನಿವಾರದೊಳಗೆ ಇದಕ್ಕೆ ತಕ್ಕ ತೋಟಾ ಬೇಕು, ಎಷ್ಟಾದರೂ ಕೊಡುತ್ತೇನೆ ಎಂದ. ವಾಲ್ಟ್ ಅವನಿಗೆ ಸ್ಟೂಲು ತೋರಿಸಿ, "ಯಾವ ಶನಿವಾರ ಎಂದು ರೈಫಲ್ಲನ್ನೇ ಕೇಳಬೇಕು" ಎಂದರು. ಹುಡುಗ ಸಿಟ್ಟಿನಿಂದ ಹೊರಟುಹೋದ. ಜ್ವರ ಇಳಿದ ಮೇಲೆ, ಫ್ರೀವೇ ಬೋರ್ಡುಗಳು ಖಾಲಿಯಾದ ಮೇಲೆ, ಅವನೇ ಒಂದು ದಿನ ಬಂದು ಆ ಸ್ಟೂಲಿನ ಮೇಲೆ ಕೂತ. ಕೆಲಸ ಹೋಗಿತ್ತು. ಈಗ ಸಮಯ ಇದೆ ಎಂದ. ಬೇಸಿಗೆಯೆಲ್ಲ ಬಂದು ಕೂತು, ಕೇಸುಗಳ ಬಾಯಿ ಉಜ್ಜಿ ಕೊಡುತ್ತಿದ್ದ, ಒಳ್ಳೆಯ ಹುಡುಗ. ತೋಟಾ ಸಿದ್ಧವಾಗುವ ಹೊತ್ತಿಗೆ ಅಪಾರ್ಟ್‌ಮೆಂಟು ಖಾಲಿ ಮಾಡಿ ಅಪ್ಪ ಅಮ್ಮನ ಮನೆಗೆ ಹೊರಟಿದ್ದ. ಅವನು ಕಾರಿನಲ್ಲಿ ಹೋದ ಮೇಲೆ ವಾಲ್ಟ್ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು.

ನನ್ನ ಪರಮ ಅವಾಂತರದ ಕಥೆ ಅಂಗಡಿಯ ಗಿರಾಕಿಗಳಿಗೆಲ್ಲ ಬಾಯಿಪಾಠ. ಬೆಂಗಳೂರಿನವರು ಆಯುಧ ಪೂಜೆ ಎನ್ನುವುದಕ್ಕೆ ನಮ್ಮ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಸೇರಿದ ವರ್ಷ ಆ ದಿನ ನೀಲಾ ತಾನಾಗಿಯೇ ಕುಂಕುಮದ ಪೊಟ್ಟಣ ಕೊಟ್ಟು, "ಏನಾದ್ರೂ ಆಗ್ಲಿ, ಅನ್ನಾ ಕೊಡೋ ಸಾಮಾನು. ಹಂಗ ಬಿಡಬಾರದು" ಎಂದಳು. ವಾಲ್ಟ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಲೇತಿಗೆ, ತೋಟಾ ಒತ್ತುವ ಪ್ರೆಸ್ಸಿಗೆ ವಿಭೂತಿ ಬಳಿದು ಕುಂಕುಮ ಇಟ್ಟೆ. ಮದ್ದಿನ ಕೋಣೆಯಲ್ಲಿ ಊದಿನಕಡ್ಡಿ ಹಚ್ಚುವಷ್ಟು ಹುಚ್ಚು ಇರಲಿಲ್ಲ. ಕಡೆಗೆ ಮದ್ದು ತೂಗುವ ತಕ್ಕಡಿ. ಅದು ಹಳೆಯ ಕಾಲದ್ದು. ಅಡ್ಡಕಡ್ಡಿಯ ತುದಿಯಲ್ಲಿ ಒಂದು ಗೆರೆ, ಎದುರು ಪಟ್ಟಿಯ ಮೇಲೆ ಒಂದು ಗೆರೆ, ತೂಕ ಸರಿಯಾದಾಗ ಗೆರೆಯ ಮೇಲೆ ಗೆರೆ ಕೂರುತ್ತದೆ. ಅದರ ತಟ್ಟೆಯ ತಳಕ್ಕೆ, ನೀರಲ್ಲಿ ಕಲಸಿದ ಕುಂಕುಮದ ದೊಡ್ಡ ಬೊಟ್ಟು ಇಟ್ಟು, ಕೈಮುಗಿದು, ತಕ್ಕಡಿಯನ್ನು ಸೊನ್ನೆಗೆ ತಂದು ಮನೆಗೆ ಹೋದೆ.

ಮಾರನೆಯ ದಿನ ವಾಲ್ಟ್ ಎದುರೇ ನಾನು ತುಂಬಿದ ತೋಟಾಗಳನ್ನು ಅವರು ಕಾಗದಕ್ಕೆ ಹೊಡೆದರೆ, ತೂತುಗಳು ಏಣಿ ಹತ್ತಿದಂತೆ ಮೇಲೆ ಮೇಲೆ ಹೋಗುತ್ತಿದ್ದವು. ವಾಲ್ಟ್ ಗಾಳಿಯನ್ನು ಬೈದರು, ದುರ್ಬೀನು ಬಿಚ್ಚಿದರು, ಹಲ್ಲುನೋವಿನ ಮೇಲೂ ಹಾಕಿದರು. ಅಂಗಡಿಗೆ ವಾಪಸ್ಸು ಬಂದು ತಕ್ಕಡಿಯ ಕೆಳಗೆ ಬೆರಳಾಡಿಸಿದಾಗ ಕೆಂಪು ಪುಡಿ ಅಂಟಿತು. ಬೊಟ್ಟು ಒಣಗಿ ಚೂರು ಚೂರೇ ಉದುರಿತ್ತು. ಅದು ಹಗುರಾದಷ್ಟೂ ನಾನು ಮದ್ದು ಹೆಚ್ಚು ಸುರಿದಿದ್ದೆ.

"ಇದೇನು, ರಕ್ತವಾ?"

ದೇವರು, ಹಬ್ಬ, ಸಾಮಾನಿಗೆ ಸಲ್ಲಿಸುವ ಮರ್ಯಾದೆ ಎಂದು ತೊದಲುತ್ತಾ ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಉಳಿದ ಬೊಟ್ಟನ್ನು ಚಾಕುವಿನಿಂದ ಕೆರೆದು, ತಟ್ಟೆಗೆ ಹಾಕಿ ತೂಗಿದರು. "ನಿನ್ನ ದೇವರು ಸ್ವಲ್ಪ ಭಾರವೇ ಇದ್ದಾನೆ" ಎಂದರು. ಅವತ್ತಿನ ತೋಟಾಗಳನ್ನೆಲ್ಲ ಬಿಚ್ಚಿಸಿದರು. ಬಿಚ್ಚುವ ಸಾಧನ ಸುತ್ತಿಗೆಯ ಆಕಾರದ್ದು. ಅದರ ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಉದುರಿ ಬೀಳುತ್ತವೆ. ಮುಂದಿನ ವರ್ಷ ಆ ದಿನ ನಾನು ಬಾಯಿ ಮುಚ್ಚಿಕೊಂಡು ಬಂದರೆ ಅವರೇ ಕೇಳಿದರು. "ಆ ಕೆಂಪು ಪುಡಿ ಎಲ್ಲಿ? ಇಲ್ಲಿ ಪೀಠಕ್ಕೆ ಹಚ್ಚು. ತಟ್ಟೆ ಮುಟ್ಟಬೇಡ." ಪ್ರತಿ ವರ್ಷ ಹಾಗೇ ನಡೆಯಿತು. ತಕ್ಕಡಿಯ ಕಬ್ಬಿಣದ ಪೀಠದ ಮೇಲೆ ಆ ಕೆಂಪು ಕಲೆ ಕೂತುಬಿಟ್ಟಿತು.

ಬಿಚ್ಚುವ ಕೆಲಸದ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದನ್ನು ನಿನ್ನ ಕಂಪನಿಯಲ್ಲಿ ಕಲಿಸುವುದಿಲ್ಲ ಮಗಳೇ. ಮನೆಯಲ್ಲಿ ತಾವೇ ತೋಟಾ ತುಂಬಿಕೊಳ್ಳುವ ಬೇಟೆಗಾರರು ಇಲ್ಲಿ ಬಹಳ. ಅಂಥವರು ಸತ್ತಾಗ, ಅವರು ತುಂಬಿಟ್ಟ ತೋಟಾಗಳನ್ನು ಇನ್ನು ಯಾರೂ ಹಾರಿಸುವಂತಿಲ್ಲ. ಹೆಂಡತಿಯೋ ಮಗಳೋ ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದರು. ಆ ಕೆಲಸವನ್ನು ವಾಲ್ಟ್ ನನಗೆ ಬಿಡುತ್ತಿರಲಿಲ್ಲ. ಟೊಪ್ಪಿ ತೆಗೆದಿಟ್ಟು, ತಾವೇ ಒಂದೊಂದೇ ಕುಟ್ಟಿ ಬಿಚ್ಚುತ್ತಿದ್ದರು. ಬೇಕೆಂದವರಿಗೆ ಹಿತ್ತಾಳೆಯ ಕೇಸುಗಳನ್ನು ಒರೆಸಿ ಕೊಡುತ್ತಿದ್ದರು. ಸತ್ತವನ ಮದ್ದನ್ನು ಮತ್ತೆ ಬಳಸುವಂತಿಲ್ಲ, ಅದು ಯಾವುದು ಎಂದು ಹೇಳಲು ಅವನಿಲ್ಲ. ಅದನ್ನು ಅಂಗಡಿಯ ಹಿಂದಿನ ಗುಲಾಬಿ ಗಿಡಗಳ ಬುಡಕ್ಕೆ ಸುರಿಯುತ್ತಿದ್ದರು. ಅದರಲ್ಲಿ ಗಿಡಕ್ಕೆ ಬೇಕಾದ ಸಾರ ಇರುತ್ತದೆ. ನನಗೆ ಅಪ್ಪನ ಮಣ್ಣಿನ ದಿನ ನೆನಪಾಗುತ್ತಿತ್ತು, ಪಕ್ಕದಲ್ಲಿ ನಿಂತಿರುತ್ತಿದ್ದೆ.

ವಾಲ್ಟ್ ತಾವು ಬೇಟೆಗೆ ಹೋಗುತ್ತಿರಲಿಲ್ಲ. ಎಷ್ಟೋ ವರ್ಷ ನನಗೆ ಇದು ಬಗೆಹರಿಯಲಿಲ್ಲ. ಆಗಸ್ಟಿನಲ್ಲಿ ಕರಾವಳಿಯ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಸರ್ಕಾರ ಒಪ್ಪಿಗೆ ಕೊಡುವ ಸೀಸನ್ನು ತೆರೆದಾಗ ಊರಿಗೆಲ್ಲ ತೋಟಾ ಕೊಟ್ಟು ತಾವು ಅಂಗಡಿಯಲ್ಲೇ ಕೂತಿರುತ್ತಿದ್ದರು. ಒಮ್ಮೆ ಊಟ ಮಾಡುವಾಗ ಕೇಳಿಯೇಬಿಟ್ಟೆ.

"ಒಂದು ಗಂಡು ಜಿಂಕೆಗೆ ಹೊಡೆದೆ. ದವಡೆಗೆ ಬಿತ್ತು" ಎಂದರು. "ಓಡಿತು. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದೆ, ಸಿಗಲಿಲ್ಲ. ದವಡೆ ಹೋದ ಪ್ರಾಣಿ ಗುಂಡಿನಿಂದ ಸಾಯುವುದಿಲ್ಲ. ತಿನ್ನಲು ಆಗದೆ ಹಸಿವಿನಿಂದ ಸಾಯುತ್ತದೆ."

ಅವರ ಮುಂದಿನ ರೊಟ್ಟಿ ಹಾಗೇ ಉಳಿಯಿತು. ಆಮೇಲೆ ಎದ್ದುಹೋಗಿ ಕಪಾಟಿನಿಂದ ಅವರ ಅಪ್ಪನ ರೈಫಲ್ಲು ತಂದು ತೋರಿಸಿದರು. ನಳಿಗೆ ಸವೆದಿತ್ತು, ಯಾವ ತೋಟಾ ಹಾಕಿದರೂ ತೂತುಗಳು ಚದುರುತ್ತಿದ್ದವು. "ದವಡೆಗೆ ಬಿದ್ದದ್ದು ನನ್ನ ಕೊನೆಯ ಗುಂಡು ಆಗಬಾರದು. ಇದಕ್ಕೆ ಸರಿಯಾದ ತೋಟಾ ಸಿಕ್ಕಿದರೆ ಇನ್ನೊಂದೇ ಒಂದು ಸಲ ಬೆಟ್ಟಕ್ಕೆ ಹೋಗುತ್ತೇನೆ. ಜಿಂಕೆಗೆ ಸದ್ದು ಕೂಡ ಕೇಳಿಸಬಾರದು, ಅಷ್ಟರೊಳಗೆ ಪ್ರಾಣ ಹೋಗಿರಬೇಕು. ಅಲ್ಲಿಗೆ ಮುಗಿಯಿತು, ಕೋವಿ ಗೋಡೆಗೆ."

ಮನೆಗೆ ಬಂದು ನೀಲಾಗೆ ಹೇಳಿದೆ. ಅವಳು ಹಿತ್ತಿಲಲ್ಲಿ ಕರಿಬೇವಿನ ಗಿಡಕ್ಕೆ ಚಳಿ ತಾಗದಂತೆ ಹಳೆಯ ಸೀರೆ ಸುತ್ತುತ್ತಿದ್ದಳು. ಊರಿನಲ್ಲಾದರೆ ಮಾಳಿಗೆ ಮುಟ್ಟುವ ಗಿಡ, ಇಲ್ಲಿ ಅವಳ ಮೊಳಕಾಲು ದಾಟಿರಲಿಲ್ಲ. "ಪಾಪ, ಆ ಜಿಂಕಿ" ಎಂದಳು. ಸೀರೆಯ ಗಂಟು ಬಿಗಿದು, "ಆ ಮನಷ್ಯಾನೂ ಪಾಪ" ಎಂದಳು.

ಅಂದಿನಿಂದ ಬಿಡುವಿದ್ದಾಗಲೆಲ್ಲ ಆ ರೈಫಲ್ಲಿನ ಕೆಲಸ. ಒಂದು ಬದಲಿಸುವುದು, ಬೆಟ್ಟದಲ್ಲಿ ಗುರಿ ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಹೊಡೆದು ನೋಡುವುದು, ವಾಪಸ್ಸು ಬಂದು ಮತ್ತೊಂದು ಬದಲಿಸುವುದು. ವರ್ಷಗಳು ಹೋದವು. ಈ ನಡುವೆ ವಾಲ್ಟ್ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜಾಗುತ್ತಾ ಹೋಯಿತು. ಇಂಟರ್ನೆಟ್ ಕಂಪನಿಯಲ್ಲಿದ್ದ ಲಾರಾ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ತಂದುಕೊಟ್ಟಳು. ಹೀಟರು ಹತ್ತಿಕೊಂಡರೆ ಅದರ ಅಂಕಿ ಕುಣಿಯುತ್ತಿತ್ತು. ವಾಲ್ಟ್ ಅದನ್ನು ಗಿರಾಕಿಗಳ ಕಣ್ಣಿಗೆ ಕಾಣುವಂತೆ ಕೌಂಟರಿನ ಮೇಲೆ ಇಟ್ಟು, ಒಳಗೆ ಹಳೆಯದರಲ್ಲೇ ತೂಗಿಸಿದರು. ಹೊಸ ತಕ್ಕಡಿಗಳು ಈಗ ಬಹಳ ಸುಧಾರಿಸಿವೆ, ಅವು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಅಂಕಿಗಿಂತ ಗೆರೆಯ ಮೇಲೆ ನಂಬಿಕೆ. ಗೆರೆ ಕಾಣುತ್ತಿರಲಿಲ್ಲವಾದ್ದರಿಂದ ನೋಡುವವನು ನಾನಾದೆ.

"ಗೆರೆಯ ಮೇಲೆ ಗೆರೆ ಇದೆಯಾ?"

"ಇದೆ."

ಒಂದೊಂದು ತೋಟಾಕ್ಕೂ ಇದೇ ಪ್ರಶ್ನೆ, ಇದೇ ಉತ್ತರ. ಕಡೆಯ ವರ್ಷಗಳಲ್ಲಿ ನಮ್ಮಿಬ್ಬರ ಮಾತುಕತೆಯಲ್ಲಿ ಮುಕ್ಕಾಲು ಪಾಲು ಇದೇ ಆಗಿತ್ತು. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಿನ್ನ ಕೈಗೆ ಕೊಟ್ಟಾಗ ಬಾಯಿಗೆ ಬಂದಂತೆ "ಇದೆ" ಎನ್ನಲಾಗುವುದಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಹೊಡೆದು ನೋಡುವ ಕೆಲಸವೂ ನನ್ನ ಪಾಲಿಗೇ ಬಂತು. ನೀಲಾಳನ್ನು ಕೇಳಿದೆ. "ಕಾಗದಕ್ಕ ಹೊಡೀರಿ. ಕಾಗದಕ್ಕ ಜೀವ ಇಲ್ಲ" ಎಂದಳು. ವಾಲ್ಟ್ ಭುಜ ಹಿಡಿದು, ಉಸಿರು ಬಿಡುವುದನ್ನು ಕಲಿಸಿದರು. ಬೆಟ್ಟವೆಲ್ಲ ಹಸಿರಾಗಿದ್ದ ಒಂದು ಬೆಳಿಗ್ಗೆ ಐದು ಹೊಡೆದು ಕಾಗದ ಕಿತ್ತು ತಂದೆ. ಅವರ ಕೈಗೇ ಕೊಟ್ಟೆ. ಅವರು ಬೆರಳ ತುದಿಯಿಂದ ತಡವಿದರು.

"ಒಂದೇ ತೂತಾ?"

"ಒಂದೇ."

ಮತ್ತೆ ತಡವಿದರು. ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, "ಹಾಗಾದರೆ ಇನ್ನು ಕಣ್ಣಿನ ಆಪರೇಷನ್ ಮಾಡಿಸಬೇಕು" ಎಂದರು. ಇಷ್ಟು ದಿನ ಲಾರಾ ಎಷ್ಟು ಗೋಗರೆದರೂ ಒಪ್ಪಿರಲಿಲ್ಲ.

ಆಪರೇಷನ್ ಆಗಿ ಕೆಲವು ವಾರಗಳಾದ ಮೇಲೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಹೊಸ್ತಿಲ ಆಚೆಯೇ ಶೂ ಬಿಚ್ಚಿ, ಗರಾಜಿನ ನಲ್ಲಿಯಲ್ಲಿ ಮೊಳಕೈವರೆಗೆ ಕೈ ತೊಳೆದುಕೊಂಡು, ಒದ್ದೆ ಕೈ ಎತ್ತಿ ತೋರಿಸುತ್ತಾ ನೀಲಾಳ ಎದುರು ನಿಂತರು. ಅವಳಿಗೆ ನಗು ತಡೆಯಲಾಗಲಿಲ್ಲ. ರೊಟ್ಟಿ ತಿನ್ನುತ್ತಾ, ಚಟ್ನಿಯಲ್ಲಿ ಕಾಣುವ ಕಪ್ಪು ಚೂರು ಏನು ಎಂದು ಕೇಳಿದರು. ಕರಿಬೇವು ಎಂದು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿ ಒಂದೊಂದು ಎಲೆಯನ್ನೂ ನೋಡಿದರು. "ಇದಕ್ಕೆ ಊಟ ಸಾಲದು" ಎಂದರು.

ಜುಲೈ ಕೊನೆಯ ಒಂದು ಭಾನುವಾರ ನನಗೆ ಬರಬೇಡ ಎಂದು ಹೇಳಿ, ಅಂಗಡಿಯಲ್ಲಿ ಒಬ್ಬರೇ ಕೂತು ಇಪ್ಪತ್ತು ತೋಟಾ ತುಂಬಿಕೊಂಡರು. ಗೆರೆಯನ್ನು ತಾವೇ ನೋಡಿಕೊಂಡರು. ಸೋಮವಾರ ಪೆಟ್ಟಿಗೆ ತೋರಿಸಿ, ನನ್ನ ಕಡೆ ನೋಡದೆ, "ನೀನು ತುಂಬಿದ್ದ ಒಂದೆರಡನ್ನೂ ಬಿಚ್ಚಿ ತೂಗಿದೆ. ಇಷ್ಟು ವರ್ಷ ನೀನು ನನಗೆ ಸುಳ್ಳು ಹೇಳಿಲ್ಲ ಎಂದು ಈಗ ಗೊತ್ತಾಯಿತು" ಎಂದರು. ಅವರಿಂದ ನಾನು ಪಡೆದ ಹೊಗಳಿಕೆ ಅದೊಂದೇ. ಸೀಸನ್ನು ತೆರೆಯಲು ಕೆಲವೇ ದಿನ ಉಳಿದಿದ್ದವು. ಬೆಟ್ಟಕ್ಕೆ ಹೊರಡಲು ಚೀಲ ಕಟ್ಟಿ ಬಾಗಿಲ ಬಳಿ ಇಟ್ಟು, ಕುರ್ಚಿಯಲ್ಲಿ ಕೂತಿದ್ದವರು ಹಾಗೇ ಹೋಗಿಬಿಟ್ಟರು. ಹೃದಯ ನಿಂತಿತ್ತು.

ನಾನು ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಅಪ್ಪ ಬಾಳಿ, ಮೊಮ್ಮಕ್ಕಳನ್ನು ನೋಡಿ ಹೋದವರು. ಇವರು ಕೇಳಿಕೊಂಡದ್ದು ಒಂದೇ ಒಂದು, ಅದೂ ಕೈಗೆ ಬಂದಿತ್ತು.

ಅಂತ್ಯಕ್ರಿಯೆ ಮುಗಿದ ಮೇಲೆ ಲಾರಾ ಅಂಗಡಿಗೆ ಬಂದಳು. ಕೈಯಲ್ಲಿ ಆ ಪೆಟ್ಟಿಗೆ. ಬಂದವಳು ಬಹಳ ಹೊತ್ತು ಅದನ್ನು ಕೌಂಟರಿನ ಮೇಲೆ ಇಡಲಿಲ್ಲ.

"ಇದನ್ನು ಬಿಚ್ಚಬೇಕು ಅಲ್ಲವಾ? ಅಪ್ಪ ಬೇರೆಯವರಿಗೆ ಮಾಡಿಕೊಡುತ್ತಿದ್ದ ಹಾಗೆ."

"ಹೌದಮ್ಮ."

"ಆದರೆ ಇವು ನಿಮಗೆ ಗೊತ್ತಿರುವುದೇ. ನೀವಿಬ್ಬರೂ ಸೇರಿ ಮಾಡಿದ್ದು."

"ಇವನ್ನು ತುಂಬುವಾಗ ನಾನು ಇರಲಿಲ್ಲ" ಎಂದೆ.

ಅವಳು ಸ್ಟೂಲಿನ ಮೇಲೆ ಕೂತಳು. "ನಾನು ಅವರ ಜೊತೆ ಕೊನೆಯದಾಗಿ ಮಾತಾಡಿದ್ದು ಫೋನಿನಲ್ಲಿ. ಜಗಳ. ಆಪರೇಷನ್ ಆದರೂ ನಿನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೆಟ್ಟಕ್ಕೆ ಹೋಗಲು ನಾಟಕ ಆಡುತ್ತಿದ್ದೀಯ ಎಂದೆ. ಇನ್ನೊಂದು ಜೀವವನ್ನು ನರಳಿಸುತ್ತೀಯ ಎಂದೆ. ಅವರು ಏನೂ ಹೇಳದೆ ಫೋನು ಇಟ್ಟರು." ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟು ಕೇಳಿದಳು. "ಅವರಿಗೆ ನಿಜವಾಗಿ ಕಾಣುತ್ತಿತ್ತಾ?"

ಕಾಣುತ್ತಿತ್ತು ಎಂದು ಹೇಳಿಬಿಡಬಹುದಿತ್ತು. ನಾನು ನೋಡಿರಲಿಲ್ಲ. ಒಳಗಿನಿಂದ ಹಳೆಯ ತಕ್ಕಡಿಯನ್ನು ತಂದು ಅವಳ ಮುಂದೆ ಇಟ್ಟೆ. ಪೀಠದ ಮೇಲೆ ವರ್ಷ ವರ್ಷದ ಕುಂಕುಮ ಹಾಗೇ ಇತ್ತು. ಆ ರೈಫಲ್ಲಿಗೆ ವಾಲ್ಟ್ ಒಪ್ಪಿಕೊಂಡಿದ್ದ ತೂಕಕ್ಕೆ ಕಡ್ಡಿಯನ್ನು ಹೊಂದಿಸಿದೆ. ನನ್ನ ಟೊಪ್ಪಿ ತೆಗೆದಿಟ್ಟೆ. ಮೊದಲನೆಯ ತೋಟಾವನ್ನು ಸುತ್ತಿಗೆಗೆ ಸಿಕ್ಕಿಸಿ ಕುಟ್ಟಿ, ಉದುರಿದ ಮದ್ದನ್ನು ಒಂದು ಚೂರೂ ಚೆಲ್ಲದಂತೆ ತಟ್ಟೆಗೆ ಸುರಿದೆ. ಕಡ್ಡಿ ತೂಗಾಡಿ ನಿಂತಿತು. ನಾನು ನೋಡಲಿಲ್ಲ, ಅವಳ ಕಡೆಗೆ ತಿರುಗಿಸಿದೆ.

"ಗೆರೆಯ ಮೇಲೆ ಗೆರೆ ಇದೆಯಾ?"

ಅವಳು ಬಗ್ಗಿ ನೋಡಿದಳು. "ಇದೆ."

ಎರಡನೆಯದು ಕುಟ್ಟಿದೆ. "ಇದೆಯಾ?" "ಇದೆ." ಮೂರನೆಯದು. ಆಮೇಲಾಮೇಲೆ ನಾನು ಕೇಳುವುದನ್ನೇ ಬಿಟ್ಟೆ, ಅವಳೇ ಹೇಳುತ್ತಾ ಹೋದಳು. ಅರ್ಧ ದಾಟಿದ ಮೇಲೆ ಬರೀ ತಲೆ ಆಡಿಸುತ್ತಿದ್ದಳು. ಇಪ್ಪತ್ತರಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಸಾಸಿವೆ ಕಾಳಿನಷ್ಟೂ ತಪ್ಪಿರಲಿಲ್ಲ. ಮುಗಿದ ಮೇಲೆ ಅವಳು ಕುಂಕುಮದ ಕಲೆಯ ಪಕ್ಕದಲ್ಲೇ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತೆ, ನನ್ನ ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ.

ಖಾಲಿ ಕೇಸುಗಳನ್ನು ಒರೆಸಿ ಅವಳಿಗೆ ಕೊಟ್ಟೆ. ಮದ್ದನ್ನು ಗುಲಾಬಿಗೆ ಹಾಕೋಣ ಎಂದರೆ, "ಅಂಗಡಿ ಮುಚ್ಚಿ ಜಾಗ ಬಿಟ್ಟುಕೊಡುತ್ತಿದ್ದೇವಲ್ಲ, ಆ ಗಿಡಗಳನ್ನೂ ಕಿತ್ತು ಪಾರ್ಕಿಂಗ್ ಮಾಡುತ್ತಾರೆ. ನೀವೇ ತೆಗೆದುಕೊಂಡು ಹೋಗಿ" ಎಂದಳು.

ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಬಂದೆ. ಹೊಸ್ತಿಲ ಆಚೆಯೇ ನಿಂತೆ. ಒಳಗೆ ತರುವಂತಿಲ್ಲ, ಬಿಸಾಡುವ ಮನಸ್ಸಿಲ್ಲ. ನೀಲಾ ಬಂದು ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು. ಏನೆಂದು ಹೇಳಿದೆ. ಅವಳು ಎರಡೂ ಕೈ ಒಡ್ಡಿ ಅದನ್ನು ಇಸಿದುಕೊಂಡಳು. ಮನೆಯೊಳಗಿಂದಲೇ, ದೇವರ ಕೋಣೆಯ ಮುಂದಿನಿಂದಲೇ ಹಾದು ಹಿತ್ತಿಲಿಗೆ ನಡೆದಳು. ನಾನು ಹಿಂದೆಯೇ ಹೋದೆ.

ಕರಿಬೇವಿನ ಬುಡದ ಮಣ್ಣು ಕೆದರಿ, ಮದ್ದನ್ನು ಸುತ್ತಲೂ ಹಾಕಿ, ಮಣ್ಣು ಮುಚ್ಚಿದಳು. ತಂಬಿಗೆಯಲ್ಲಿ ನೀರು ಹಾಕುತ್ತಾ ಕೇಳಿದಳು.

"ಎಲ್ಲಾ ಸರಿ ಇದ್ದವೇನ್ರಿ?"

"ಎಲ್ಲಾ ಸರಿ ಇದ್ದವು ನೀಲಾ. ಒಂದೂ ತಪ್ಪಿದ್ದಿಲ್ಲ."

ತಂಬಿಗೆಯನ್ನು ಪೂರ್ತಿ ಖಾಲಿ ಮಾಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು.

"ಹಂಗಾದ್ರ ಈ ಸಲದ ಜಿಂಕಿ ನರಳತಿದ್ದಿಲ್ಲ."